ದಾರಿ ಇದ್ದರೆ ಊರು: ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಸಣ್ಣ ಕೃಷಿಕರು

ಬ್ರಿಟನ್ನಿನ ಭೂಪಟ ತೆಗೆದು ವಾಯವ್ಯ ಮೂಲೆ ನೋಡಿ. ಸ್ಕಾಟ್ಲೆಂಡಿನ ಕರಾವಳಿಯಿಂದಾಚೆ, ಅಟ್ಲಾಂಟಿಕ್ ಸಾಗರದಲ್ಲಿ, ಬೇಲಿ ಹಾಕಿದ ಹಾಗೆ ಉದ್ದಕ್ಕೆ ದ್ವೀಪಗಳ ಸಾಲೊಂದಿದೆ. ಹೆಸರು ಔಟರ್ ಹೆಬ್ರಿಡೀಸ್. ತುದಿಯಿಂದ ತುದಿಗೆ ಸುಮಾರು 200 ಕಿಲೋಮೀಟರ್. ಜನಸಂಖ್ಯೆ ಸುಮಾರು 26 ಸಾವಿರ. ಮರಗಳು ಅಪರೂಪ. ಗಾಳಿ ವರ್ಷವಿಡೀ. ಒಂದು ಕಡೆ ಕಾಲಿಟ್ಟರೆ ಹೂಳುವ ಕಪ್ಪು ಜೌಗು, ಇನ್ನೊಂದು ಕಡೆ ಬರೀ ಬಂಡೆ. ಇಂಥ ಜಾಗದಲ್ಲಿ, ಅದೂ ತುಂಡು ಭೂಮಿ ಹಿಡಿದುಕೊಂಡು, ಕೃಷಿಕರು ಇನ್ನೂ ಉಳಿದಿದ್ದಾರೆ. ಹೇಗೆ?

ಕೆಲಸದ ಮೇಲೆ ಎರಡು ವರ್ಷ ಅಬರ್ಡೀನಿನಲ್ಲಿದ್ದಾಗ ರಜೆ ಕೂಡಿಸಿಕೊಂಡು ಹತ್ತು ದಿನ ಈ ದ್ವೀಪಗಳನ್ನು ಕಾರಿನಲ್ಲಿ ಸುತ್ತಿದೆ. ಹೊರಟದ್ದು ಕಡಲು, ಬೆಟ್ಟ ನೋಡಲಿಕ್ಕೆ. ಆದರೆ ಕೃಷಿಕರ ಮನೆಯಲ್ಲಿ ಹುಟ್ಟಿದವನ ಕಣ್ಣು ಹಟ್ಟಿ, ಬೇಲಿ, ಗೊಬ್ಬರದ ರಾಶಿಯ ಕಡೆಗೇ ಹೋಗುತ್ತದಲ್ಲ! ಅಲ್ಲಿ ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎಲ್ಲ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಹಡಗಿನ ಹೊಟ್ಟೆಯಲ್ಲಿ ಕಾರು

ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋದವರಿಗೆ ಫೆರ್ರಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಬಸ್ಸು, ಕಾರು ಸಮೇತ ಜನ ಹಾಗೆಯೇ ದಾಟುತ್ತಿದ್ದರು. ಹೆಬ್ರಿಡೀಸಿನ ಫೆರ್ರಿ ಅದರ ದೊಡ್ಡ ರೂಪ. ಅಲ್ಲಪೂಲ್ ಎಂಬ ಬಂದರಿನಲ್ಲಿ ಹಡಗಿನ ಬಾಯಿ ತೆರೆಯುತ್ತದೆ. ಕಾರುಗಳು, ಲಾರಿಗಳು ಸಾಲಾಗಿ ಒಳಗೆ ಹೋಗಿ ನಿಲ್ಲುತ್ತವೆ. ಬ್ರೇಕ್ ಎಳೆದು, ಬಾಗಿಲು ಹಾಕಿ, ಜನ ಮೇಲಿನ ಅಂತಸ್ತಿಗೆ ಹತ್ತಬೇಕು. ಸುಮಾರು ಎರಡೂವರೆ ಗಂಟೆಯಲ್ಲಿ ಲೂಯಿಸ್ ದ್ವೀಪದ ಸ್ಟೋರ್ನೊವೇ ಪೇಟೆ.

ಈ ಹಡಗಿನ ಹೊಟ್ಟೆಯಲ್ಲಿ ಏನೇನಿದೆ ಎಂದು ನೋಡಿದರೆ ದ್ವೀಪದ ಬದುಕು ಅರ್ಥವಾಗುತ್ತದೆ. ಆ ಕಡೆಗೆ ಹೋಗುವಾಗ ಪಶು ಆಹಾರ, ಡೀಸೆಲ್, ಅಂಗಡಿ ಸಾಮಾನು. ಈ ಕಡೆಗೆ ಬರುವಾಗ ಮೀನು, ಬಟ್ಟೆ, ಕುರಿಮರಿ, ಕರು. ಅಲ್ಲಿ ಮೇವು ಕಡಿಮೆ. ಮರಿಗಳನ್ನು ಬೆಳೆಸಿ ಶರತ್ಕಾಲದಲ್ಲಿ ಏಲಂ ಮಾಡುತ್ತಾರೆ. ಕೊಂಡವರು ಅವನ್ನು ಹಡಗಿನಲ್ಲಿ ದಾಟಿಸಿ, ಹುಲ್ಲು ಚೆನ್ನಾಗಿರುವ ಕಡೆ ಕೊಬ್ಬಿಸುತ್ತಾರೆ. ಹಾಗಾಗಿ ಫೆರ್ರಿ ಎರಡು ವಾರ ನಿಂತರೆ ಅದು ಪ್ರವಾಸಿಗರ ತೊಂದರೆ ಮಾತ್ರ ಅಲ್ಲ, ಕೃಷಿಕನ ವರ್ಷದ ಲೆಕ್ಕವೇ ತಲೆಕೆಳಗು.

ಮನೆಯೇ ಗೊಬ್ಬರದ ಗುಂಡಿ

ಲೂಯಿಸಿನ ಒಳಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಪೀಟ್. ಸಾವಿರಾರು ವರ್ಷ ನೀರಿನಲ್ಲಿ ಕೊಳೆಯದೆ ಉಳಿದ ಪಾಚಿ, ಹುಲ್ಲುಗಳ ಕಪ್ಪು ಪದರ ಅದು. ಬೇಸಗೆಯ ಆರಂಭದಲ್ಲಿ ಇಟ್ಟಿಗೆಯ ಆಕಾರಕ್ಕೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಮರವಿಲ್ಲದ ಊರಿಗೆ ಅದೇ ಸೌದೆ.

ಆರ್ನೋಲ್ ಎಂಬ ಹಳ್ಳಿಯಲ್ಲಿ ಹಳೆಯ ಕಾಲದ ಮನೆಯೊಂದನ್ನು ಇದ್ದ ಹಾಗೇ ಉಳಿಸಿದ್ದಾರೆ. ‘ಬ್ಲ್ಯಾಕ್‌ಹೌಸ್’ ಎನ್ನುತ್ತಾರೆ. ನಡುವೆ ಮಣ್ಣು ತುಂಬಿದ ಎರಡು ಪದರದ ಕಲ್ಲಿನ ಗೋಡೆ, ಹುಲ್ಲಿನ ಮಾಡು, ಗಾಳಿಗೆ ಹಾರದ ಹಾಗೆ ಹಗ್ಗ ಕಟ್ಟಿ ತೂಗುಬಿಟ್ಟ ಕಲ್ಲುಗಳು. ಒಂದೇ ಮಾಡಿನ ಕೆಳಗೆ ಈ ತುದಿಯಲ್ಲಿ ಜನ, ಆ ತುದಿಯಲ್ಲಿ ದನ. ಹೊಗೆಗೂಡು ಇಲ್ಲ. ಒಲೆಯ ಹೊಗೆ ಮಾಡಿನ ಹುಲ್ಲಿನ ಮೂಲಕವೇ ಹೊರಗೆ ಹೋಗಬೇಕು. ಮಸಿ ಹಿಡಿದ ಆ ಹುಲ್ಲನ್ನು ಇಳಿಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರಂತೆ. ಮುಳಿಹುಲ್ಲಿನ ಮನೆ ಕಂಡ ನಮ್ಮ ಹಿರಿಯರಿಗೆ ಈ ಮಾತು ಹೊಸದೆನಿಸಲಾರದು. ಇಲ್ಲಿ 1960ರ ದಶಕದವರೆಗೂ ಜನ ವಾಸವಿದ್ದರು.

ಮಗ್ಗಕ್ಕೆ ಕಾನೂನಿನ ಕಾವಲು

ಲೂಯಿಸಿನ ದಕ್ಷಿಣಕ್ಕೆ ಹ್ಯಾರಿಸ್. ಎರಡೂ ಒಂದೇ ನೆಲ, ಹೆಸರು ಮಾತ್ರ ಎರಡು. ದಾರಿಬದಿಯ ಶೆಡ್ಡುಗಳಿಂದ ಟಕ್ ಟಕ್ ಸದ್ದು ಕೇಳಿದರೆ ಅದು ಮಗ್ಗ. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆ ಪ್ರಪಂಚಕ್ಕೆಲ್ಲ ಹೋಗುವುದು ಇಲ್ಲಿಂದ. ಮಗ್ಗಕ್ಕೆ ಕರೆಂಟಿಲ್ಲ, ಸೈಕಲ್ಲಿನಂತೆ ಪೆಡಲ್ ತುಳಿಯಬೇಕು.

1993ರಲ್ಲಿ ಬ್ರಿಟಿಷ್ ಸಂಸತ್ತು ಈ ಬಟ್ಟೆಗೆಂದೇ ಒಂದು ಕಾಯ್ದೆ ಮಾಡಿತು. ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಈ ದ್ವೀಪಗಳಲ್ಲೇ ಆಗಬೇಕು. ನೇಯ್ಗೆ ದ್ವೀಪದವರು ತಮ್ಮ ಮನೆಯಲ್ಲೇ, ಕೈಮಗ್ಗದಲ್ಲೇ ಮಾಡಬೇಕು. ಇಲ್ಲದಿದ್ದರೆ ಆ ಹೆಸರು ಹಾಕುವಂತಿಲ್ಲ. ‘ಮನೆಯಲ್ಲೇ’ ಎಂಬ ಒಂದು ಶಬ್ದದಿಂದ ಕೆಲಸ ಪೇಟೆಯ ಕಾರ್ಖಾನೆಗೆ ಜಾರದೆ ಹಳ್ಳಿಯಲ್ಲಿ ಉಳಿಯಿತು. ಬೆಳಗ್ಗೆ ಕುರಿಗೆ ಮೇವು, ಆಮೇಲೆ ಮಗ್ಗ, ಸಂಜೆ ಮತ್ತೆ ಕುರಿ.

ಒಂದು ವಿಷಯ ಮುಚ್ಚಿಡಬಾರದು. ದ್ವೀಪದ ಕುರಿಗಳ ಉಣ್ಣೆ ಒರಟು. ಟ್ವೀಡಿಗೆ ಬೇಕಾದ ಉಣ್ಣೆಯ ಹೆಚ್ಚಿನ ಪಾಲು ಬ್ರಿಟನ್ನಿನ ಮುಖ್ಯ ನೆಲದಿಂದಲೇ ಬರುತ್ತದೆ. ಅಂದರೆ ಹೆಸರಿನ ಲಾಭ ನೇಕಾರನಿಗೆ ಸಿಕ್ಕಿದಷ್ಟು ಕುರಿ ಸಾಕುವವನಿಗೆ ಸಿಗಲಿಲ್ಲ. ನಮ್ಮಲ್ಲೂ 2011ರಲ್ಲಿ ಮಟ್ಟು ಗುಳ್ಳಕ್ಕೆ, 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು ಬಂದಿದೆ. ಗುರುತು ಬಂದರೆ ಸಾಲದು, ಅದರ ದುಡ್ಡು ಯಾರ ಮನೆಗೆ ಮುಟ್ಟುತ್ತದೆ ಎಂದು ನಿಯಮದಲ್ಲೇ ಬರೆದಿರಬೇಕು.

ಬಂಡೆಯ ಮೇಲಿನ ಸಾಲುಗಳು

ಹ್ಯಾರಿಸಿನ ಪಶ್ಚಿಮಕ್ಕೆ ಬಿಳಿ ಮರಳಿನ ತೀರ, ಹಸುರು ಹುಲ್ಲು. ಪೂರ್ವಕ್ಕೆ ದಾಟಿದರೆ ಬೂದು ಬಂಡೆ, ಮಣ್ಣೇ ಇಲ್ಲ. ಆದರೂ ಬಂಡೆಗಳ ನಡುವೆ ಕೈಯಲ್ಲಿ ಬಾಚಿದ ಹಾಗೆ ಉಬ್ಬು ಉಬ್ಬು ಸಾಲುಗಳು ಕಾಣುತ್ತವೆ. ಒಂದೊಂದು ಚಾಪೆಯಗಲ. ಸಮುದ್ರ ತಂದು ಹಾಕಿದ ಕಡಲಕಳೆಯನ್ನು ಬುಟ್ಟಿಯಲ್ಲಿ ಬೆನ್ನ ಮೇಲೆ ಹೊತ್ತು ತಂದು, ಕೆರೆದ ಪೀಟ್ ಮಣ್ಣಿನ ಜತೆ ಸೇರಿಸಿ, ಬಂಡೆಯ ಮೇಲೆ ಏರಿಸಿದ ಮಡಿಗಳಿವು. ಇದರಲ್ಲಿ ಬಟಾಟೆ, ಬಾರ್ಲಿ ಬೆಳೆಯುತ್ತಿದ್ದರು. ಇಂಗ್ಲಿಷಿನಲ್ಲಿ ಇವಕ್ಕೆ ‘ಲೇಜಿ ಬೆಡ್’, ಅಂದರೆ ಸೋಮಾರಿ ಮಡಿ, ಎಂದು ಹೆಸರು! ಹೆಸರಿಟ್ಟವರು ಬುಟ್ಟಿ ಹೊತ್ತವರಲ್ಲ ಎಂಬುದಂತೂ ಖಂಡಿತ.

ಪಶ್ಚಿಮದಲ್ಲಿ ಒಳ್ಳೆಯ ಭೂಮಿ ಇದ್ದು ಜನ ಬಂಡೆಗೆ ಯಾಕೆ ಬಂದರು? ಬಂದದ್ದಲ್ಲ, ದೂಡಿದ್ದು. ಆಗ ಇಡೀ ದ್ವೀಪವೇ ಒಬ್ಬ ಧಣಿಯದ್ದು. 1700ರ ಕೊನೆಗೆ ಕಡಲಕಳೆ ಸುಟ್ಟ ಬೂದಿಗೆ ಸಾಬೂನು, ಗಾಜು ತಯಾರಕರಿಂದ ಭಾರೀ ಬೆಲೆ ಬಂತು. ಬೂದಿ ಸುಡಲು ಆಳು ಬೇಕು. ಒಕ್ಕಲಿನ ಹೊಟ್ಟೆ ಭೂಮಿಯಿಂದಲೇ ತುಂಬಿದರೆ ಆಳು ಸಿಗುವುದಿಲ್ಲ. ಹಾಗಾಗಿ ಹಿಡುವಳಿಗಳನ್ನು ಬೇಕೆಂದೇ ಚಿಕ್ಕದು ಮಾಡಿದರು. 1815ರಲ್ಲಿ ಯುದ್ಧ ಮುಗಿದು ಹೊರದೇಶದ ಅಗ್ಗದ ಸರಕು ಬಂದದ್ದೇ ತಡ, ಬೂದಿಯ ಬೆಲೆ ನೆಲಕಚ್ಚಿತು. ಈಗ ಧಣಿಗೆ ಒಕ್ಕಲು ಬೇಡ, ಕುರಿ ಬೇಕು. ಒಳ್ಳೆಯ ಭೂಮಿ ದೊಡ್ಡ ಕುರಿ ಸಾಕಣೆದಾರರಿಗೆ ಹೋಯಿತು. ಒಕ್ಕಲೆದ್ದವರು ಬಂಡೆಗೆ ಬಂದರು, ಇಲ್ಲವೇ ಹಡಗು ಹತ್ತಿದರು. 1846ರಲ್ಲಿ ಬಟಾಟೆಗೆ ಅಂಗಮಾರಿ ಬಂದು ಇದ್ದದ್ದೂ ಹೋಯಿತು. 1851ರಲ್ಲಿ ದಕ್ಷಿಣದ ಬಾರಾ, ಸೌತ್ ಯೂಯಿಸ್ಟ್ ದ್ವೀಪಗಳಿಂದ ಸಾವಿರಕ್ಕೂ ಹೆಚ್ಚು ಜನರನ್ನು ಧಣಿ ಕೆನಡಾಕ್ಕೆ ಸಾಗಿಸಿದ.

ಹ್ಯಾರಿಸಿನ ಪೂರ್ವದಲ್ಲಿ ಹೆಣ ಹೂಳುವಷ್ಟೂ ಮಣ್ಣಿರಲಿಲ್ಲ. ಗುಡ್ಡ ದಾಟಿಸಿ ಪಶ್ಚಿಮಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಆ ಕಾಲುದಾರಿಗೆ ಈಗಲೂ ‘ಶವಪೆಟ್ಟಿಗೆ ದಾರಿ’ ಎಂದೇ ಹೆಸರು. ನಾನೂ ಸ್ವಲ್ಪ ದೂರ ಅದರಲ್ಲಿ ನಡೆದೆ. ಬರಿಗೈಯಲ್ಲಿ ಹತ್ತುವಾಗಲೇ ಏದುಸಿರು.

ಎಬ್ಬಿಸಲಾಗದ ಗೇಣಿ

ಜನ ಸುಮ್ಮನೆ ಕೂರಲಿಲ್ಲ. 1882ರಲ್ಲಿ ಪಕ್ಕದ ಸ್ಕೈ ದ್ವೀಪದಲ್ಲಿ ಒಕ್ಕಲುಗಳು ಪೊಲೀಸರಿಗೇ ಎದುರು ನಿಂತರು. ಸರಕಾರ ಆಯೋಗ ನೇಮಿಸಿತು. 1886ರಲ್ಲಿ ಕ್ರಾಫ್ಟರ್ ಕಾಯ್ದೆ ಬಂತು. ಇಂಥ ಸಣ್ಣ ಹಿಡುವಳಿಗೆ ‘ಕ್ರಾಫ್ಟ್’, ಅದನ್ನು ಮಾಡುವವನಿಗೆ ‘ಕ್ರಾಫ್ಟರ್’ ಎನ್ನುತ್ತಾರೆ. ಕಾಯ್ದೆ ನಾಲ್ಕು ಭರವಸೆ ಕೊಟ್ಟಿತು. ಗೇಣಿ ಕೊಡುತ್ತಿದ್ದರೆ ಎಬ್ಬಿಸುವಂತಿಲ್ಲ. ಗೇಣಿ ನ್ಯಾಯವಾಗಿರಬೇಕು. ಮಕ್ಕಳಿಗೆ ದಾಟಿಸಬಹುದು. ಬಿಟ್ಟುಹೋಗುವಾಗ ಕಟ್ಟಿದ ಮನೆ, ಬೇಲಿಗಳ ಬೆಲೆ ಸಿಗಬೇಕು.

ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಅಲ್ಲಿ ಗೇಣಿಯನ್ನೇ ಗಟ್ಟಿ ಮಾಡಿದರು. 1976ರಿಂದ ಕ್ರಾಫ್ಟನ್ನು ವರ್ಷದ ಗೇಣಿಯ 15 ಪಟ್ಟು ಕೊಟ್ಟು ಕೊಂಡುಕೊಳ್ಳಲೂ ಅವಕಾಶ ಬಂತು. ಸ್ಕಾಟ್ಲೆಂಡಿನಲ್ಲಿ ಈಗ 20 ಸಾವಿರಕ್ಕೂ ಹೆಚ್ಚು ಕ್ರಾಫ್ಟ್‌ಗಳಿವೆ. ಸರಾಸರಿ 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ. ಜತೆಗೆ ನಮ್ಮ ಗೋಮಾಳದಂಥ ಸಾಮೂಹಿಕ ಹುಲ್ಲುಗಾವಲಿನಲ್ಲಿ ಪಾಲು. ಯಾರು ಎಷ್ಟು ಕುರಿ, ಎಷ್ಟು ದನ ಬಿಡಬಹುದು ಎಂಬ ಲೆಕ್ಕ ಇರುತ್ತದೆ. ಅದನ್ನು ನೋಡಿಕೊಳ್ಳಲು ಕ್ರಾಫ್ಟರುಗಳದೇ ಸಮಿತಿ, ಅದಕ್ಕೊಬ್ಬ ಗುಮಾಸ್ತ.

ಹಕ್ಕಿನ ಜತೆ ಹೊಣೆಯೂ ಇದೆ. 2010ರ ಕಾಯ್ದೆಯ ಪ್ರಕಾರ ಕ್ರಾಫ್ಟರ್ ತನ್ನ ಹಿಡುವಳಿಯಲ್ಲಿ ಅಥವಾ ಅದರಿಂದ 32 ಕಿಲೋಮೀಟರಿನೊಳಗೆ ವಾಸವಿರಬೇಕು. ಭೂಮಿಯಲ್ಲಿ ಏನಾದರೂ ಮಾಡುತ್ತಿರಬೇಕು, ಹಾಳು ಬಿಡುವಂತಿಲ್ಲ. ಮಹಾನಗರದಲ್ಲಿ ಕೂತು ಊರಿನ ಗದ್ದೆಯನ್ನು ಪೊದೆ ಬೆಳೆಯಲು ಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಿ!

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಊರಿಗೆ ಊರೇ ಸೇರಿ ಧಣಿಯಿಂದ ಭೂಮಿ ಕೊಂಡದ್ದೂ ಇದೆ. 1923ರಲ್ಲಿ ಸ್ಟೋರ್ನೊವೇ ಸುತ್ತಿನ ಭೂಮಿಯನ್ನು ಅಂದಿನ ಒಡೆಯ ಲಾರ್ಡ್ ಲಿವರ್‌ಹ್ಯೂಮ್ ಜನರಿಗೇ ಬಿಟ್ಟುಕೊಟ್ಟ. 2003ರ ಭೂಸುಧಾರಣಾ ಕಾಯ್ದೆ ಊರವರಿಗೆ ಕೊಳ್ಳುವ ಹಕ್ಕು ಕೊಟ್ಟಿತು. 2006ರಲ್ಲಿ ಸೌತ್ ಯೂಯಿಸ್ಟ್ ಮತ್ತು ಸುತ್ತಿನ 93 ಸಾವಿರ ಎಕರೆ ಅಲ್ಲಿನ ಜನರ ಸಂಸ್ಥೆಯ ಕೈಗೆ ಬಂತು. ಆ ಸಂಸ್ಥೆ ಆಮೇಲೆ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ಮಾರುತ್ತಿದೆ. ಇಷ್ಟು ವರ್ಷ ಬೆಳೆ ಕೆಡವಿದ ಗಾಳಿಯಿಂದ ಈಗ ಊರಿಗೆ ವರಮಾನ.

ಚಿಪ್ಪಿನ ಮರಳಿನಲ್ಲಿ ಬೆಳೆ

ಈ ಯೂಯಿಸ್ಟ್ ದ್ವೀಪಗಳಿಗೆ ಹೋಗಲು ಹ್ಯಾರಿಸಿನ ದಕ್ಷಿಣ ತುದಿಯಲ್ಲಿ ಇನ್ನೊಂದು ಫೆರ್ರಿ, ಚಿಕ್ಕದು. ನೀರಿನಡಿ ಬಂಡೆಗಳು ತುಂಬಾ. ಹಾವಿನ ಹಾಗೆ ಸುತ್ತಿ ಬಳಸಿ ಒಂದು ಗಂಟೆಯಲ್ಲಿ ಬರ್ನರೇ ಮುಟ್ಟಿಸುತ್ತಾರೆ.

ಯೂಯಿಸ್ಟಿನ ಪಶ್ಚಿಮ ತೀರ ‘ಮಾಕರ್’ ಎಂಬ ವಿಶೇಷ ಭೂಮಿ. ಸಮುದ್ರದ ಚಿಪ್ಪುಗಳು ಪುಡಿಯಾಗಿ ಗಾಳಿಯಲ್ಲಿ ಬಂದು ಬಿದ್ದು ಆದ ಮರಳುನೆಲ. ಸ್ಕಾಟ್ಲೆಂಡಿನ ವಾಯವ್ಯ ಮತ್ತು ಐರ್ಲೆಂಡಿನ ಪಶ್ಚಿಮ ಕರಾವಳಿ ಬಿಟ್ಟರೆ ಬೇರೆಲ್ಲೂ ಇಲ್ಲ. ಸುಣ್ಣ ಧಾರಾಳ, ಸಾವಯವ ಅಂಶ ಕಡಿಮೆ, ನೀರು ನಿಲ್ಲುವುದಿಲ್ಲ. ಇಲ್ಲಿನವರ ಉಪಾಯ ಕೇಳಿ.

ಚಳಿಗಾಲದ ಬಿರುಗಾಳಿ ದಡಕ್ಕೆ ರಾಶಿ ರಾಶಿ ಕಡಲಕಳೆ ಎಸೆಯುತ್ತದೆ. ಮೊದಲು ಗಾಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ ತಂದು ರಾಶಿ ಹಾಕಿ ಕೊಳೆಯಲು ಬಿಡುತ್ತಾರೆ. ವಸಂತದಲ್ಲಿ ಹರಡಿ ಉಳುತ್ತಾರೆ. ಆಳವಾಗಿ ಉಳುವುದಿಲ್ಲ, ಮರಳು ಹಾರಿಹೋಗುತ್ತದೆ. ಬಿತ್ತುವುದು ಒಂದೇ ಬೀಜವಲ್ಲ. ಸಣ್ಣ ಕಾಳಿನ ಓಟ್ಸ್, ರೈ, ಹಳೆಯ ಬಾರ್ಲಿ ತಳಿಯಾದ ಬೇರ್ ಇವನ್ನು ಬೆರೆಸಿ ಬಿತ್ತುತ್ತಾರೆ. ಒಂದು ಸೋತರೆ ಇನ್ನೊಂದು ಇದೆ. ಬೀಜ ಅವರದೇ. ಪೇಟೆಯ ಸುಧಾರಿತ ತಳಿಗಳು ಈ ನೆಲದಲ್ಲಿ ಪೋಷಕಾಂಶ ಸಿಗದೆ ಸೊರಗುತ್ತವೆ. ಒಂದೆರಡು ವರ್ಷ ಬೆಳೆ ತೆಗೆದು ಮತ್ತೆ ಒಂದೆರಡು ವರ್ಷ ಪಾಳು ಬಿಡುತ್ತಾರೆ. ಪಾಳಿನಲ್ಲಿ ಹೂವೋ ಹೂವು. ಬೆಳೆದದ್ದು ದನಗಳ ಚಳಿಗಾಲದ ಮೇವಿಗೆ.

ಕಾರ್ನ್‌ಕ್ರೇಕ್ ಎಂಬ ನೆಲದ ಹಕ್ಕಿ ಬ್ರಿಟನ್ನಿನಲ್ಲಿ ಹೆಚ್ಚಿನ ಕಡೆ ಕಾಣೆಯಾಗಿದೆ, ಇಲ್ಲಿ ಉಳಿದಿದೆ. ಹುಲ್ಲು ತಡವಾಗಿ ಕೊಯ್ದರೆ, ನಡುವಿನಿಂದ ಹೊರಕ್ಕೆ ಕೊಯ್ದು ಮರಿಗಳಿಗೆ ಓಡಲು ದಾರಿ ಬಿಟ್ಟರೆ, ಕ್ರಾಫ್ಟರಿಗೆ ಸಹಾಯಧನ ಸಿಗುವ ಯೋಜನೆಗಳಿವೆ. ಇದಕ್ಕೆ ವಿರುದ್ಧ ಕತೆ ಹೆಬ್ಬಾತಿನದು. ಹಿಂಡುಹಿಂಡಾಗಿ ಬಂದು ಕೊಯ್ಲಿಗೆ ನಿಂತ ಪೈರನ್ನೇ ಮೇಯುತ್ತವೆ. ನಮಗೆ ಮಂಗ, ಅವರಿಗೆ ಹೆಬ್ಬಾತು. ಬೆದರುಗೊಂಬೆ, ಗರ್ನಾಲು, ಕೋವಿ ಎಲ್ಲ ಅಲ್ಲೂ ಇದೆ, ಪೂರ್ತಿ ಪರಿಹಾರ ಅಲ್ಲೂ ಇಲ್ಲ.

ಹೋರಿ ಸತ್ತು ರಸ್ತೆ ಬಂತು

ಬರ್ನರೇಯಿಂದ ಎರಿಸ್ಕೇವರೆಗೆ ಐದಾರು ದ್ವೀಪಗಳನ್ನು ಈಗ ಹಡಗು ಹತ್ತದೆಯೇ ದಾಟಬಹುದು. ಸಮುದ್ರಕ್ಕೆ ಕಲ್ಲು ತುಂಬಿಸಿ ಕಟ್ಟೆಯಂತೆ ರಸ್ತೆ ಮಾಡಿದ್ದಾರೆ. ಒಂದು 1960ರಲ್ಲಿ, ಒಂದು 1999ರಲ್ಲಿ, ಎರಿಸ್ಕೇಯದು 2001ರಲ್ಲಿ. ಅದಕ್ಕೆ ಮೊದಲು ಕೆಲವೆಡೆ ಇಳಿತದ ಹೊತ್ತು ನೋಡಿಕೊಂಡು ಮರಳಿನಲ್ಲಿ ನಡೆಯಬೇಕಿತ್ತು.

ಎರಿಸ್ಕೇಯಿಂದ ನಲ್ವತ್ತು ನಿಮಿಷದ ಫೆರ್ರಿಯಲ್ಲಿ ಬಾರಾ. ಅದರ ತುದಿಯಲ್ಲಿ ವಾಟರ್ಸೇ ಎಂಬ ಪುಟ್ಟ ದ್ವೀಪ. ಅಲ್ಲಿಂದ ದನಗಳನ್ನು ಮಾರಾಟಕ್ಕೆ ತರಬೇಕಾದರೆ ಈಜಿಸಿಯೇ ದಾಟಿಸಬೇಕಿತ್ತು. 1986ರಲ್ಲಿ ಬರ್ನಿ ಎಂಬ ಒಳ್ಳೆಯ ಹೋರಿಯೊಂದು ಹೀಗೆ ದಾಟುವಾಗ ಮುಳುಗಿ ಸತ್ತಿತು. ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಜನ ಎಷ್ಟೋ ಕಾಲದಿಂದ ಕೇಳುತ್ತಿದ್ದ ಕಟ್ಟೆ ರಸ್ತೆ 1991ರಲ್ಲಿ ಮುಗಿಯಿತು. ಅರ್ಜಿಗಳಿಂದ ಆಗದ್ದು ಒಂದು ಹೋರಿಯ ಸಾವಿನಿಂದ ಆಯಿತು!

ಟಿಕೆಟ್ಟಿನ ಲೆಕ್ಕ

ಫೆರ್ರಿ ನಡೆಸುವ ಕಂಪೆನಿ ಸ್ಕಾಟ್ಲೆಂಡ್ ಸರಕಾರದ್ದೇ. 2008ರಲ್ಲಿ ಈ ದ್ವೀಪಗಳಿಗೆ ಹೊಸ ದರ ತಂದರು. ಅಷ್ಟೇ ದೂರ ರಸ್ತೆಯಲ್ಲಿ ಹೋದರೆ ಎಷ್ಟು ಖರ್ಚಾದೀತೋ ಅದಕ್ಕೆ ಹೊಂದಿಸಿ ಫೆರ್ರಿಯ ಟಿಕೆಟ್. ಸಮುದ್ರ ಅಡ್ಡ ಇದೆ ಎಂಬ ಕಾರಣಕ್ಕೆ ದ್ವೀಪದವನು ಜಾಸ್ತಿ ತೆರಬೇಕಾಗಿಲ್ಲ ಎಂಬುದು ಇದರ ತಿರುಳು. ದರ ಚೆನ್ನಾಗಿಯೇ ಇಳಿಯಿತು.

ಆದರೆ ಅಗ್ಗವಾದದ್ದು ನನ್ನಂಥ ಸುತ್ತಾಟದವರಿಗೂ ತಾನೆ? ಬೇಸಗೆಯಲ್ಲಿ ಹಡಗು ತುಂಬಾ ಪ್ರವಾಸಿಗರ ಕಾರು. ಆಸ್ಪತ್ರೆಗೆ, ಏಲಂಗೆ ಹೋಗಬೇಕಾದ ಊರವನಿಗೆ ಕೆಲವೊಮ್ಮೆ ಜಾಗವೇ ಇಲ್ಲ. ಹಡಗುಗಳಿಗೂ ವಯಸ್ಸಾಗಿ ಕೆಡುವುದು ಹೆಚ್ಚಿತು. 2023ರ ಜೂನಿನಲ್ಲಿ ಸೌತ್ ಯೂಯಿಸ್ಟಿನ ಒಂದು ಮಾರ್ಗವನ್ನೇ ನಿಲ್ಲಿಸಿದಾಗ ನೂರಾರು ಜನ ಲಾಖ್‌ಬಾಯ್ಸ್‌ಡೇಲ್ ಬಂದರಿನಲ್ಲಿ ವಾಹನ ಸಮೇತ ಸೇರಿ ಪ್ರತಿಭಟಿಸಿದರು.

ಖಾಲಿಯಾದ ದ್ವೀಪ

ದಾರಿ ಇಲ್ಲದಿದ್ದರೆ ಏನಾಗುತ್ತದೆ? ಉತ್ತರ ಇನ್ನೂ ಪಶ್ಚಿಮಕ್ಕೆ, ಸುಮಾರು 64 ಕಿಲೋಮೀಟರ್ ದೂರದಲ್ಲಿದೆ. ಸೇಂಟ್ ಕಿಲ್ಡಾ. ಕಡಲಹಕ್ಕಿ ಹಿಡಿದು, ಕುರಿ ಸಾಕಿ, ತುಸು ಓಟ್ಸ್ ಬೆಳೆದು ತಲೆಮಾರುಗಳ ಕಾಲ ಬದುಕಿದ ಊರು. 1851ರಲ್ಲಿ 112 ಜನ ಇದ್ದರು. ಮರುವರ್ಷವೇ 36 ಜನ ಆಸ್ಟ್ರೇಲಿಯಾಕ್ಕೆ ಹೊರಟರು. ಆಮೇಲೆ ಯುವಕರು ಒಬ್ಬೊಬ್ಬರಾಗಿ ಹೋದರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಡಗಿಲ್ಲ, ವೈದ್ಯರಿಲ್ಲ. ಕೊನೆಗೆ ಉಳಿದ 36 ಜನ ತಾವಾಗಿಯೇ ಅರ್ಜಿ ಹಾಕಿ, 1930ರ ಆಗಸ್ಟ್ 29ರಂದು ದ್ವೀಪ ಬಿಟ್ಟರು. ಈಗ ಅದು ವಿಶ್ವ ಪರಂಪರೆಯ ತಾಣ. ಮನೆಗಳ ಗೋಡೆಗಳು ನಿಂತಿವೆ, ಕುರಿಗಳು ಮೇಯುತ್ತವೆ, ಒಕ್ಕಲು ಇಲ್ಲ.

ಹೆಬ್ರಿಡೀಸಿನ ಉಳಿದ ದ್ವೀಪಗಳಲ್ಲೂ ಎಲ್ಲ ಸರಿ ಇದೆ ಎಂದಲ್ಲ. 1901ರಲ್ಲಿ 46 ಸಾವಿರ ಇದ್ದ ಜನ ಈಗ 26 ಸಾವಿರಕ್ಕೆ ಇಳಿದಿದ್ದಾರೆ. ಕ್ರಾಫ್ಟ್ ಒಂದರಿಂದಲೇ ಸಂಸಾರ ಸಾಗುವುದಿಲ್ಲ. ಮೀನುಗಾರಿಕೆ, ಅಂಚೆ, ಶಾಲೆ, ಮಗ್ಗ ಹೀಗೆ ಎರಡನೆಯ ಕೆಲಸ ಬೇಕೇ ಬೇಕು. ಹೊರಗಿನವರು ರಜೆ ಕಳೆಯಲು ಮನೆ ಕೊಂಡು ಬೆಲೆ ಏರಿಸಿದ್ದಾರೆ. ಊರಿನ ಹುಡುಗರಿಗೇ ಕ್ರಾಫ್ಟ್ ಸಿಗುವುದು ಕಷ್ಟ.

ಆದರೂ ಊರುಗಳು ನಿಂತಿವೆ. ನಾನು ಕಂಡಂತೆ ಕಾರಣ ಮೂರು: ಯಾರೂ ಎಬ್ಬಿಸಲಾಗದ ಹಕ್ಕು, ಕೈಗೆಟಕುವ ದಾರಿ, ಬೇರೆಯವರು ಕದಿಯಲಾಗದ ಹೆಸರು. ಮೂರೂ ತಾನಾಗಿ ಬಂದದ್ದಲ್ಲ, ಕೇಳಿ ಪಡೆದದ್ದು. ಭೂಮಿ ನಮ್ಮದು ಅದಕ್ಕಿಂತ ನೂರು ಪಾಲು ಒಳ್ಳೆಯದು. ನಮ್ಮಲ್ಲಿ ಈ ಮೂರರಲ್ಲಿ ಎಷ್ಟು ಇವೆ, ಯಾವುದು ಸಡಿಲಾಗಿದೆ ಎಂದು ಪ್ರತಿ ಊರಿನವರೂ ನೋಡಿಕೊಳ್ಳುವುದು ಒಳ್ಳೆಯದು.

ಹೋಗುವವರಿಗೆ

ಮಕ್ಕಳು ಬ್ರಿಟನ್ನಿನಲ್ಲಿದ್ದು ನೀವು ಹೋಗುವುದಿದ್ದರೆ ಲಂಡನ್ ಜತೆಗೆ ಈ ಕಡೆಯನ್ನೂ ನೋಡಿ. ವಾಹನ ಓಡಿಸುವುದು ನಮ್ಮಂತೆಯೇ ಎಡಬದಿ. ಊರ್ಜಿತದಲ್ಲಿರುವ ನಮ್ಮ ಲೈಸೆನ್ಸ್ ಇದ್ದರೆ 12 ತಿಂಗಳು ಕಾರು ಓಡಿಸಬಹುದು. ಹೋಗುವುದು ಮೇಯಿಂದ ಸೆಪ್ಟೆಂಬರೊಳಗೆ. ಫೆರ್ರಿಯಲ್ಲಿ ಕಾರಿಗೆ ಬಹಳ ಮುಂಚೆ ಜಾಗ ಕಾದಿರಿಸಿ. ಗಾಳಿ ಜೋರಾದರೆ ಹಡಗು ರದ್ದು, ಹಾಗಾಗಿ ಒಂದೆರಡು ದಿನ ಕೈಯಲ್ಲಿರಲಿ. ಹೆಚ್ಚಿನ ರಸ್ತೆ ಒಂದೇ ಕಾರಿನ ಅಗಲ, ಅಲ್ಲಲ್ಲಿ ಸರಿದು ನಿಲ್ಲಲು ಜಾಗ ಮಾಡಿದ್ದಾರೆ. ಹಿಂದಿನಿಂದ ಊರವರ ಕಾರು ಬಂದರೆ ಅಲ್ಲಿ ನಿಂತು ದಾರಿ ಕೊಡಿ. ರಸ್ತೆಯಲ್ಲಿ ಮಲಗಿದ ಕುರಿ ಹಾರ್ನಿಗೆ ಏಳುವುದಿಲ್ಲ.

ಲೂಯಿಸ್, ಹ್ಯಾರಿಸಿನಲ್ಲಿ ಭಾನುವಾರ ದೇವರ ದಿನ. ಸ್ಟೋರ್ನೊವೇಗೆ ಭಾನುವಾರದ ಫೆರ್ರಿ ಶುರುವಾದದ್ದೇ 2009ರಲ್ಲಿ. ಅಂಗಡಿ, ಪೆಟ್ರೋಲ್ ಬಂಕ್ ಹೆಚ್ಚಿನವು ಮುಚ್ಚಿರುತ್ತವೆ, ಶನಿವಾರವೇ ತುಂಬಿಸಿಕೊಳ್ಳಿ. ದಾರಿಬದಿಯಲ್ಲಿ ಮೊಟ್ಟೆ, ಜಾಮ್ ಇಟ್ಟು ಪಕ್ಕದಲ್ಲೊಂದು ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಕಾಯುವವರಿಲ್ಲ. ಚಿಲ್ಲರೆ ಹಾಕಿ ಬೇಕಾದದ್ದು ತೆಗೆದುಕೊಳ್ಳಿ. ಹಟ್ಟಿಯ ಹತ್ತಿರ ಯಾರಾದರೂ ಕಂಡರೆ ಎರಡು ಮಾತಾಡಿ. ನೀವೂ ಕೃಷಿಕರೆಂದು ಗೊತ್ತಾದರೆ ಮಾತು ಬೇಗ ಮುಗಿಯುವುದಿಲ್ಲ.